ಗ್ಯಾಸ್‌ಗೆ ಹತ್ತಿದ ಬೆಂಕಿಯನ್ನು ಮೊದಲು ಆರಿಸಬೇಕೇ?

ಬೆಂಕಿ ಕಂಡರೆ ತಕ್ಷಣ ಆರಿಸಬೇಕು ಎಂಬುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ಪಾಠ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಕೊಡ ಹಿಡಿದು ಓಡುತ್ತದೆ. ಆದರೆ ಅಡುಗೆ ಅನಿಲದ ಟ್ಯಾಂಕರ್ ಒಂದರಿಂದ ಗ್ಯಾಸ್ ಸೋರಿ ಉರಿಯುತ್ತಿರುವ ಜಾಗದಲ್ಲಿ ಅಗ್ನಿಶಾಮಕ ದಳದವರು ಮಾಡುವ ಕೆಲಸ ನೋಡಿದರೆ ಅಚ್ಚರಿಯಾಗುತ್ತದೆ. ಅವರು ಜ್ವಾಲೆಯ ಕಡೆಗೆ ನೀರು ಹಾಯಿಸದೆ ಟ್ಯಾಂಕಿನ ಮೈಮೇಲೆ ಸುರಿಯುತ್ತಾರೆ. ಬೆಂಕಿ ಗಂಟೆಗಟ್ಟಲೆ ಉರಿಯಲಿ ಎಂದು ಬಿಟ್ಟುಬಿಡುವುದೂ ಉಂಟು. ದೂರದಲ್ಲಿ ನಿಂತವರಿಗೆ “ಇವರಿಗೆ ಬೆಂಕಿ ಆರಿಸಲು ಬರುವುದಿಲ್ಲವೇ?” ಅನ್ನಿಸಿದರೆ ಆಶ್ಚರ್ಯವಿಲ್ಲ.

ಅವರು ಹಾಗೆ ಮಾಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಉರಿಯುತ್ತಿರುವ ಅನಿಲ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಉರಿಯದೆ ಹರಡುತ್ತಿರುವ ಅನಿಲ ಎಲ್ಲಿದೆ, ಎಷ್ಟಿದೆ ಎಂದು ಯಾರಿಗೂ ಕಾಣುವುದಿಲ್ಲ. ಎರಡರಲ್ಲಿ ಹೆಚ್ಚು ಅಪಾಯದ್ದು ಕಾಣದಿರುವುದೇ. ಅಡುಗೆ ಮನೆಯ ಸಿಲಿಂಡರ್ ಇರಲಿ, ಹೆದ್ದಾರಿಯಲ್ಲಿ ಮಗುಚಿದ ಟ್ಯಾಂಕರ್ ಇರಲಿ, ಗ್ಯಾಸ್ ಅವಘಡದಲ್ಲಿ ಏನು ಮಾಡಬೇಕು ಎಂಬ ನಿಯಮಗಳೆಲ್ಲ ಹುಟ್ಟಿರುವುದು ಈ ಒಂದು ಮಾತಿನಿಂದ. ಇದರ ಹಿಂದಿನ ವಿಜ್ಞಾನವನ್ನೂ, ನಮ್ಮಲ್ಲಿ ಬೇರೂರಿರುವ ಕೆಲವು ತಪ್ಪು ನಂಬಿಕೆಗಳನ್ನೂ ಈ ಲೇಖನದಲ್ಲಿ ನೋಡೋಣ.

ಸಿಲಿಂಡರ್ ಒಳಗೆ ಇರುವುದೇನು?

ನಾವು ಗ್ಯಾಸ್ ಎಂದು ಕರೆದರೂ ಸಿಲಿಂಡರ್ ಒಳಗೆ ಹೆಚ್ಚಿನ ಪಾಲು ಇರುವುದು ದ್ರವ. ತುಂಬಿದ ಸಿಲಿಂಡರ್ ಅನ್ನು ಮೆಲ್ಲಗೆ ಅಲುಗಾಡಿಸಿದರೆ ಅದು ಒಳಗೆ ತುಳುಕುವುದು ತಿಳಿಯುತ್ತದೆ. ಎಲ್‌ಪಿಜಿ ಎಂಬುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬ್ಯುಟೇನ್ ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ. ಅಂದರೆ ನಮ್ಮ ಹವೆಯಲ್ಲಿ ಇವೆರಡೂ ಅನಿಲವಾಗಿಯೇ ಇರಬೇಕಾದವು. ಒತ್ತಡ ಹಾಕಿ ಉಕ್ಕಿನ ಪಾತ್ರೆಯಲ್ಲಿ ಕೂಡಿಹಾಕಿರುವುದರಿಂದ ಮಾತ್ರ ದ್ರವವಾಗಿವೆ. ಸಣ್ಣ ದಾರಿ ಸಿಕ್ಕರೂ ಸಾಕು, ಹೊರಬಂದು ಕುದಿದು ಮತ್ತೆ ಅನಿಲವಾಗುತ್ತವೆ.

ಹಾಗೆ ಹೊರಬಂದಾಗ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಸಿಲಿಂಡರ್ ಅನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಯೇ ಇಡಬೇಕು ಎನ್ನುವುದು ಇದೇ ಕಾರಣಕ್ಕೆ. ನಿಂತಿರುವ ಸಿಲಿಂಡರ್‌ನ ಬಾಯಿಯ ಬಳಿ ಇರುವುದು ಅನಿಲ. ಮಲಗಿಸಿದರೆ ಬಾಯಿಯ ಬಳಿಗೆ ದ್ರವ ಬರುತ್ತದೆ. ಆಗ ಅದೇ ಸಣ್ಣ ಸೋರಿಕೆಯಿಂದ ಹೊರಬೀಳುವ ಗ್ಯಾಸ್ ಹಲವು ಪಟ್ಟು ಹೆಚ್ಚು. ಗ್ಯಾಸ್ ಮುಗಿಯುತ್ತ ಬಂದಾಗ ಸಿಲಿಂಡರ್ ಅನ್ನು ಅಡ್ಡ ಮಲಗಿಸಿ ಇನ್ನೊಂದು ಹೊತ್ತಿನ ಅಡುಗೆ ಮಾಡಿಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ಅದನ್ನು ಬಿಡುವುದು ಒಳ್ಳೆಯದು.

ಈ ಅನಿಲದ ಇನ್ನೊಂದು ಗುಣ ಅದರ ತೂಕ. ಗಾಳಿಗಿಂತ ಇದು ಒಂದೂವರೆಯಿಂದ ಎರಡು ಪಟ್ಟು ಭಾರ. ಹಾಗಾಗಿ ಹೊಗೆಯಂತೆ ಮೇಲೇರದೆ, ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಮನೆಯಲ್ಲಾದರೆ ಮಂಚದ ಕೆಳಗೆ, ಬಚ್ಚಲಿನ ತೂತಿನಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ರಸ್ತೆಯಲ್ಲಾದರೆ ಚರಂಡಿ ಮತ್ತು ತಗ್ಗುಗಳನ್ನು ಹಿಡಿದು ಸಾಗುತ್ತದೆ.

ಎಷ್ಟು ಸೋರಿದರೆ ಅಪಾಯ?

ಎಲ್‌ಪಿಜಿ ತಾನೊಂದೇ ಉರಿಯುವುದಿಲ್ಲ, ಗಾಳಿಯ ಜೊತೆ ಬೆರೆಯಬೇಕು. ಗಾಳಿಯಲ್ಲಿ ಅದರ ಪಾಲು ಸುಮಾರು ಶೇಕಡ 2ರಿಂದ 9ರ ನಡುವೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಉರಿಯಲು ಗ್ಯಾಸ್ ಸಾಲದು, ಹೆಚ್ಚಿದ್ದರೆ ಗಾಳಿ ಸಾಲದು.

ಶೇಕಡ 2 ಎಂದರೆ ಎಷ್ಟು? ಒಂದು ಕಿಲೋ ಎಲ್‌ಪಿಜಿ ಸುಮಾರು 500 ಲೀಟರ್ ಅನಿಲವಾಗುತ್ತದೆ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆ ಮನೆಯಲ್ಲಿ ಇರುವ ಗಾಳಿ ಸುಮಾರು 22,600 ಲೀಟರ್. ಲೆಕ್ಕ ಹಾಕಿದರೆ, ಕೋಣೆಯ ಗಾಳಿಯನ್ನೆಲ್ಲ ಉರಿಯುವ ಮಿಶ್ರಣ ಮಾಡಲು ಒಂದೇ ಒಂದು ಕಿಲೋ ಸಾಕು. ನಮ್ಮ ಮನೆಯ ಸಿಲಿಂಡರ್‌ನಲ್ಲಿ ಇರುವುದು 14.2 ಕಿಲೋ. ಅದೂ ಅಲ್ಲದೆ ಗ್ಯಾಸ್ ಕೋಣೆಯ ತುಂಬ ಸಮನಾಗಿ ಹರಡುವುದಿಲ್ಲ, ನೆಲದ ಹತ್ತಿರ ದಟ್ಟವಾಗಿ ನಿಲ್ಲುತ್ತದೆ. ಆದ್ದರಿಂದ ಒಂದು ಕಿಲೋಗಿಂತ ಕಡಿಮೆ ಸೋರಿದರೂ ನೆಲಮಟ್ಟದಲ್ಲಿ ಅಪಾಯದ ಪದರ ಸಿದ್ಧವಾಗುತ್ತದೆ.

ಅದನ್ನು ಹೊತ್ತಿಸಲು ಬೆಂಕಿಕಡ್ಡಿಯೇ ಬೇಕೆಂದಿಲ್ಲ. ಲೈಟಿನ ಸ್ವಿಚ್ ಒತ್ತುವಾಗ ಒಳಗೆ ಹಾರುವ ಕಿಡಿ, ಫ್ರಿಜ್ ತನ್ನಷ್ಟಕ್ಕೆ ಆನ್ ಆಗುವಾಗಿನ ಕಿಡಿ, ಕಾಲಿಂಗ್ ಬೆಲ್, ದೇವರ ಮುಂದಿನ ದೀಪ, ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ಮೂಗನ್ನು ಎಷ್ಟು ನಂಬಬಹುದು?

ಎಲ್‌ಪಿಜಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದಾಗ ಗೊತ್ತಾಗಲಿ ಎಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ, ಕೊಳೆತ ಕೋಸಿನಂಥ ನಾತದ ರಾಸಾಯನಿಕವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸುತ್ತಾರೆ. ಅನಿಲ ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಐದನೇ ಒಂದು ಭಾಗ ತಲುಪುವಷ್ಟರಲ್ಲೇ ವಾಸನೆ ತಿಳಿಯಬೇಕು ಎಂಬುದು ನಿಯಮ. ಅಂದರೆ ವಾಸನೆ ಬಂದಾಗ ಸಾಮಾನ್ಯವಾಗಿ ನಮಗಿನ್ನೂ ಸ್ವಲ್ಪ ಸಮಯವಿರುತ್ತದೆ.

ಆದರೆ ಮೂಗಿಗೂ ಮಿತಿಯಿದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. “ಆಗ ಬರುತ್ತಿತ್ತು, ಈಗಿಲ್ಲ” ಎಂದ ಮಾತ್ರಕ್ಕೆ ಗ್ಯಾಸ್ ಹೋಗಿದೆ ಎಂದು ಅರ್ಥವಲ್ಲ. ನೆಗಡಿಯಾದವರಿಗೆ, ವಯಸ್ಸಾದವರಿಗೆ ವಾಸನೆ ತಡವಾಗಿ ತಿಳಿಯಬಹುದು. ಗ್ಯಾಸ್ ಇರುವುದು ನೆಲದ ಮಟ್ಟದಲ್ಲಿ, ನಮ್ಮ ಮೂಗು ಇರುವುದು ಐದಡಿ ಮೇಲೆ ಎಂಬುದನ್ನೂ ನೆನಪಿಡಬೇಕು.

ವಾಸನೆ ಬಂದಿದೆ, ಬೆಂಕಿ ಇಲ್ಲ. ಈಗ ಏನು ಮಾಡಬೇಕು?

ಗ್ಯಾಸ್ ಬರುವುದನ್ನು ನಿಲ್ಲಿಸುವುದು, ಕಿಡಿ ಹುಟ್ಟಲು ಅವಕಾಶ ಕೊಡದಿರುವುದು, ಸೋರಿರುವ ಗ್ಯಾಸನ್ನು ಹೊರಗೆ ಕಳಿಸುವುದು, ಈ ಮೂರೇ ಕೆಲಸ.

ಉರಿಯುತ್ತಿರುವ ಒಲೆ, ದೀಪ, ಊದುಬತ್ತಿ ಇದ್ದರೆ ಮೊದಲು ಆರಿಸಿ. ಒಲೆಯ ಗುಂಡಿ ಮತ್ತು ರೆಗ್ಯುಲೇಟರ್ ಎರಡನ್ನೂ ಬಂದ್ ಮಾಡಿ. ಆಗಲೂ ಸೋರುವ ಸದ್ದು ನಿಲ್ಲದಿದ್ದರೆ ರೆಗ್ಯುಲೇಟರ್ ಬಿಚ್ಚಿ, ದಾರ ಕಟ್ಟಿರುವ ಬಿಳಿ ಮುಚ್ಚಳವನ್ನು ವಾಲ್ವ್ ಮೇಲೆ ಒತ್ತಿ ಕೂರಿಸಿ. ಈ ಮುಚ್ಚಳವನ್ನು ಸಿಲಿಂಡರ್ ಬಂದ ದಿನವೇ ಕಿತ್ತು ಎಸೆಯುವವರಿದ್ದಾರೆ. ಆದರೆ ಸೋರುವ ವಾಲ್ವನ್ನು ಮನೆಯವರೇ ಮುಚ್ಚಲು ಇರುವ ಸಾಧನ ಅದೊಂದೇ. ಅದು ದಾರದ ಸಮೇತ ಸಿಲಿಂಡರ್‌ಗೇ ಅಂಟಿಕೊಂಡಿರಬೇಕು.

ಬಳಿಕ ಬಾಗಿಲು, ಕಿಟಕಿ ತೆರೆಯಿರಿ. ಗ್ಯಾಸ್ ನೆಲದ ಮೇಲಿರುವುದರಿಂದ ಕಿಟಕಿಗಿಂತ ಬಾಗಿಲು ಹೆಚ್ಚು ಮುಖ್ಯ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, ಹೊರಗಿನಿಂದಲೇ 1906ಕ್ಕೆ ಕರೆ ಮಾಡಿ. ಇದು ಅಡುಗೆ ಅನಿಲ ಸೋರಿಕೆಗೆಂದೇ ದೇಶಾದ್ಯಂತ ಇರುವ ಸಹಾಯವಾಣಿ. ಬೆಂಕಿಯೂ ಹತ್ತಿದ್ದರೆ 101 ಅಥವಾ 112.

ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳು ನಾಲ್ಕು.

ಒಂದು, ಎಕ್ಸಾಸ್ಟ್ ಫ್ಯಾನ್ ಹಾಕುವುದು. ಗ್ಯಾಸ್ ಬೇಗ ಹೊರಗೆ ಹೋಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಸ್ವಿಚ್ ಒತ್ತಿದಾಗಲೇ ಕಿಡಿ ಹಾರುತ್ತದೆ. ಸಾಲದ್ದಕ್ಕೆ ಫ್ಯಾನ್ ಇರುವುದು ಮೇಲೆ, ಗ್ಯಾಸ್ ಇರುವುದು ಕೆಳಗೆ.

ಎರಡು, ಉರಿಯುತ್ತಿರುವ ಲೈಟ್ ಆರಿಸುವುದು. ಸ್ವಿಚ್ ಹಾಕಿದಾಗಷ್ಟೇ ಕಿಡಿ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ತೆಗೆಯುವಾಗಲೂ ಬರುತ್ತದೆ. ಹಾಕಿದ್ದರೆ ಹಾಕಿದ ಹಾಗೇ ಇರಲಿ, ಆರಿದ್ದರೆ ಆರಿದ ಹಾಗೇ ಇರಲಿ. ಮೇನ್ ಸ್ವಿಚ್ ಮನೆಯ ಹೊರಗೆ, ಗ್ಯಾಸ್ ತಲುಪದ ಕಡೆ ಇದ್ದರೆ ಅದನ್ನು ತೆಗೆಯಬಹುದು. ಒಳಗಿದ್ದರೆ ಮುಟ್ಟುವುದು ಬೇಡ.

ಮೂರು, ಎಲ್ಲಿ ಸೋರುತ್ತಿದೆ ಎಂದು ಬೆಂಕಿಕಡ್ಡಿ ಗೀರಿ ನೋಡುವುದು. ಸೋರಿಕೆ ಹುಡುಕಲು ಸೋಪಿನ ನೀರು ಸಾಕು. ಪೈಪಿನ ಜೋಡಣೆಗಳಿಗೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ.

ನಾಲ್ಕು, ಒಳಗೆ ನಿಂತೇ ಫೋನ್ ಮಾಡುವುದು. ಮೊಬೈಲ್‌ನಿಂದ ಗ್ಯಾಸ್ ಹೊತ್ತಿಕೊಳ್ಳುವ ಸಾಧ್ಯತೆ ತುಂಬ ಕಡಿಮೆ. ಆದರೂ ಹೊರಗೆ ಹೋಗಿ ಮಾತಾಡಿ ಎನ್ನುವುದಕ್ಕೆ ಇನ್ನೂ ಸರಳವಾದ ಕಾರಣವಿದೆ. ಆ ಹೊತ್ತಿನಲ್ಲಿ ನೀವು ಮನೆಯೊಳಗೆ ಇರಲೇಬಾರದು.

ಬೆಂಗಳೂರಿನಂಥ ಊರುಗಳಲ್ಲಿ ಕೆಲವು ಬಡಾವಣೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸ್ ಇದೆ. ಅದು ಎಲ್‌ಪಿಜಿ ಅಲ್ಲ, ನೈಸರ್ಗಿಕ ಅನಿಲ. ಅದರಲ್ಲಿ ಹೆಚ್ಚಿನ ಪಾಲು ಮೀಥೇನ್ ಇರುವುದರಿಂದ ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಸೂರಿನ ಕೆಳಗೆ ನಿಲ್ಲುತ್ತದೆ. ಅಂಥ ಮನೆಗಳಲ್ಲಿ ಕಿಟಕಿಯ ಮೇಲ್ಭಾಗವನ್ನೂ ವೆಂಟಿಲೇಟರನ್ನೂ ತೆರೆಯುವುದು ಮುಖ್ಯ. ಉಳಿದ ನಿಯಮಗಳೆಲ್ಲ ಅವೇ.

ಸಿಲಿಂಡರ್ ಬಾಯಲ್ಲೇ ಬೆಂಕಿ ಹತ್ತಿದರೆ?

ಇಂಥ ಹೊತ್ತಿನಲ್ಲಿ ಜನರನ್ನು ಕಂಗೆಡಿಸುವುದು ಒಂದು ನಂಬಿಕೆ. ಬೆಂಕಿ ಪೈಪಿನೊಳಗಿಂದ ಸಿಲಿಂಡರ್‌ಗೆ ನುಗ್ಗಿ ಅದು ಬಾಂಬಿನಂತೆ ಸಿಡಿಯುತ್ತದೆ ಎಂಬುದು. ಹಾಗೆ ಆಗುವುದಿಲ್ಲ. ಉರಿಯಲು ಗಾಳಿ ಬೇಕು, ಸಿಲಿಂಡರ್ ಒಳಗೆ ಗಾಳಿಯೇ ಇಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವುದರಿಂದ ಗ್ಯಾಸ್ ಹೊರಕ್ಕೆ ಬರುತ್ತದೆಯೇ ಹೊರತು ಜ್ವಾಲೆ ಒಳಕ್ಕೆ ಹೋಗಲಾರದು. ಪತ್ರಿಕೆಗಳಲ್ಲಿ ನಾವು ಓದುವ ‘ಸಿಲಿಂಡರ್ ಸ್ಫೋಟ’ಗಳಲ್ಲಿ ಹೆಚ್ಚಿನವು ನಿಜವಾಗಿ ಸಿಲಿಂಡರ್ ಸಿಡಿದವಲ್ಲ. ಸೋರಿ ಕೋಣೆಯಲ್ಲಿ ತುಂಬಿಕೊಂಡಿದ್ದ ಗ್ಯಾಸ್ ಒಮ್ಮೆಗೇ ಹೊತ್ತಿಕೊಂಡು ಗೋಡೆ, ಬಾಗಿಲು ಹಾರಿಹೋಗಿರುತ್ತವೆ. ಎಷ್ಟೋ ಕಡೆ ಸಿಲಿಂಡರ್ ಅಲ್ಲೇ ಇಡಿಯಾಗಿ ನಿಂತಿರುತ್ತದೆ.

ಹಾಗಾದರೆ ಪೈಪು ಅಥವಾ ರೆಗ್ಯುಲೇಟರ್ ಬಳಿ ಉರಿಯುತ್ತಿದ್ದರೆ ಏನು ಮಾಡಬೇಕು? ರೆಗ್ಯುಲೇಟರ್‌ನ ಗುಂಡಿ ಕೈಗೆ ಸಿಗುವಂತಿದೆಯೇ ನೋಡಿ. ಸಿಗುವಂತಿದ್ದರೆ ಒದ್ದೆ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಅದನ್ನು ತಿರುಗಿಸಿ. ಗ್ಯಾಸ್ ನಿಂತ ಕೂಡಲೇ ಬೆಂಕಿ ತಾನಾಗಿಯೇ ಆರುತ್ತದೆ.

ತರಬೇತಿ ಶಿಬಿರಗಳಲ್ಲಿ ಅಗ್ನಿಶಾಮಕ ಸಿಬ್ಬಂದಿ ಉರಿಯುವ ಸಿಲಿಂಡರ್ ಮೇಲೆ ಒದ್ದೆ ಬಟ್ಟೆ ಹೊದಿಸಿ ಆರಿಸಿ ತೋರಿಸುವುದನ್ನು ನೀವು ನೋಡಿರಬಹುದು. ಅದು ಬಯಲಿನಲ್ಲಿ, ಅನುಭವಿಗಳು, ಆರಿದ ಮರುಕ್ಷಣವೇ ವಾಲ್ವ್ ಮುಚ್ಚುವ ಸಿದ್ಧತೆಯಿಂದ ಮಾಡುವ ಕೆಲಸ. ಮುಚ್ಚಿದ ಅಡುಗೆ ಮನೆಯಲ್ಲಿ ಜ್ವಾಲೆಯನ್ನಷ್ಟೇ ಆರಿಸಿ ಗ್ಯಾಸ್ ನಿಲ್ಲಿಸಲಾಗದೆ ಹೋದರೆ ಪರಿಸ್ಥಿತಿ ಕೆಡುತ್ತದೆ. ಅದುವರೆಗೆ ಒಂದು ಕಡೆ ಉರಿಯುತ್ತಿದ್ದ ಗ್ಯಾಸ್ ಈಗ ಕೋಣೆಯ ತುಂಬ ಹರಡತೊಡಗುತ್ತದೆ. ಕೆಂಡವೊಂದು ಪಕ್ಕದಲ್ಲೇ ಉಳಿದಿರುತ್ತದೆ. ಕೆಲವು ನಿಮಿಷಗಳಲ್ಲಿ ಅದು ಮತ್ತೆ ಹೊತ್ತಿಕೊಂಡರೆ ಜ್ವಾಲೆಯ ಬದಲು ಸ್ಫೋಟವೇ ಆಗುತ್ತದೆ. ಪುಡಿ ಎರಚುವ ಅಗ್ನಿಶಾಮಕ ಬಳಸಿದರೂ ಇದೇ ಅಪಾಯ. ಪುಡಿ ಬೆಂಕಿಯನ್ನು ಆರಿಸುತ್ತದೆ, ಸೋರಿಕೆಯನ್ನು ನಿಲ್ಲಿಸುವುದಿಲ್ಲ.

ಆದ್ದರಿಂದ ಗುಂಡಿ ಕೈಗೆ ಸಿಗದಿದ್ದರೆ, ಇಲ್ಲವೇ ಜ್ವಾಲೆ ಸಿಲಿಂಡರ್ ಮೈಯನ್ನೇ ಸುಡುತ್ತಿದ್ದರೆ, ಎಲ್ಲರನ್ನೂ ಕರೆದುಕೊಂಡು ಹೊರಟುಬಿಡಿ. ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿ. ಒಳಗೆ ಬಿಟ್ಟುಬಂದ ಒಡವೆ, ಕಾಗದಪತ್ರಗಳಿಗಾಗಿ ಮತ್ತೆ ಒಳಗೆ ಹೋಗಬೇಡಿ.

ಪಾತ್ರೆಯೇ ಸಿಡಿಯುವುದು ಯಾವಾಗ?

ಸಿಲಿಂಡರ್ ಅಥವಾ ಟ್ಯಾಂಕರ್ ನಿಜವಾಗಿಯೂ ಸಿಡಿಯುವುದು ಹೊರಗಿನ ಬೆಂಕಿ ಅದನ್ನು ಕಾಯಿಸಿದಾಗ. ಇದಕ್ಕೆ ಎಂಜಿನಿಯರ್‌ಗಳು ‘ಬ್ಲೆವಿ’ ಎಂದು ಹೆಸರಿಟ್ಟಿದ್ದಾರೆ. ಕುದಿಯುವ ದ್ರವ ಒಮ್ಮೆಗೇ ಆವಿಯಾಗಿ ಹಿಗ್ಗುವುದರಿಂದ ಆಗುವ ಸ್ಫೋಟ ಎಂಬ ಅರ್ಥದ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು.

ಇದು ಹೇಗೆ ನಡೆಯುತ್ತದೆ ನೋಡೋಣ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವವರೆಗೆ ಅದು ಸೀಯುವುದಿಲ್ಲ, ನೀರು ಬತ್ತಿದ ಮೇಲೆ ಕೆಂಪಗೆ ಕಾಯುತ್ತದೆ. ಟ್ಯಾಂಕಿನಲ್ಲೂ ಹಾಗೆಯೇ. ಕೆಳಗಿನ ಭಾಗದಲ್ಲಿ ದ್ರವವಿದ್ದು ಅದು ಲೋಹದ ಶಾಖವನ್ನು ಹೀರಿಕೊಳ್ಳುತ್ತದೆ. ಮೇಲಿನ ಭಾಗದಲ್ಲಿ ಇರುವುದು ಬರೀ ಆವಿ. ಅಲ್ಲಿಗೆ ಜ್ವಾಲೆ ತಗುಲಿದರೆ ಲೋಹ ಬೇಗ ಕಾಯುತ್ತದೆ. ಸುಮಾರು 600 ಡಿಗ್ರಿ ತಲುಪುವಷ್ಟರಲ್ಲಿ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಇತ್ತ ಒಳಗಿನ ದ್ರವ ಕುದಿದು ಒತ್ತಡ ಏರುತ್ತಿರುತ್ತದೆ. ಕೊನೆಗೆ ಮೆತ್ತಗಾದ ಕಡೆ ಉಕ್ಕು ಹರಿಯುತ್ತದೆ, ಟನ್‌ಗಟ್ಟಲೆ ದ್ರವ ಕ್ಷಣದಲ್ಲಿ ಆವಿಯಾಗಿ ಬೆಂಕಿಯ ಚೆಂಡಾಗುತ್ತದೆ.

ದೊಡ್ಡ ಟ್ಯಾಂಕ್‌ಗಳಿಗೆ ಸುರಕ್ಷಾ ವಾಲ್ವ್ ಇರುತ್ತದಲ್ಲ, ಅದು ಒತ್ತಡವನ್ನು ಹೊರಗೆ ಬಿಡುವುದಿಲ್ಲವೇ ಎಂದು ನೀವು ಕೇಳಬಹುದು. ಈ ನಂಬಿಕೆಯೇ ಹಿಂದೆ ಅಗ್ನಿಶಾಮಕ ಸಿಬ್ಬಂದಿಯ ಜೀವ ತೆಗೆದಿದೆ. 1966ರ ಜನವರಿ 4ರಂದು ಫ್ರಾನ್ಸಿನ ಲಿಯಾನ್ ಬಳಿಯ ಫೇಝಾಂ ತೈಲಾಗಾರದಲ್ಲಿ ಪ್ರೊಪೇನ್ ತುಂಬಿದ ಭಾರಿ ಗೋಲವೊಂದರಿಂದ ನೀರು ಬಸಿಯುವಾಗ ವಾಲ್ವ್ ಹಿಮಗಟ್ಟಿ ಮುಚ್ಚಲಾಗದೆ ಹೋಯಿತು. ಹೊರಬಿದ್ದ ಅನಿಲ ನೆಲ ಹಿಡಿದು ಹರಿದು, ಸುಮಾರು 160 ಮೀಟರ್ ದೂರದ ರಸ್ತೆಯಲ್ಲಿದ್ದ ಕಾರಿನಿಂದ ಹೊತ್ತಿಕೊಂಡಿತು. ಬೆಂಕಿ ಬಂದ ದಾರಿಯಲ್ಲೇ ಹಿಂದಿರುಗಿ ಗೋಲವನ್ನು ಸುತ್ತಿಕೊಂಡಿತು. ಸುರಕ್ಷಾ ವಾಲ್ವ್ ಆ ಗೋಲವನ್ನು ಕಾಪಾಡುತ್ತದೆ ಎಂದು ನಂಬಿದ ಸಿಬ್ಬಂದಿ ಅಕ್ಕಪಕ್ಕದ ಗೋಲಗಳನ್ನು ತಣಿಸುವುದರಲ್ಲಿ ತೊಡಗಿದರು. ಸುಮಾರು ಒಂದೂವರೆ ಗಂಟೆಯ ಬಳಿಕ ಅದು ಸಿಡಿಯಿತು. ಸತ್ತ 18 ಜನರಲ್ಲಿ 11 ಮಂದಿ ಅಗ್ನಿಶಾಮಕ ಸಿಬ್ಬಂದಿ. ವಾಲ್ವ್ ಒತ್ತಡವನ್ನು ಇಳಿಸಬಲ್ಲದು, ಕಾದು ಮೆತ್ತಗಾದ ಉಕ್ಕಿಗೆ ಬಲ ಕೊಡಲಾರದು ಎಂಬುದು ಅಲ್ಲಿ ಗೊತ್ತಾಯಿತು.

1973ರ ಜುಲೈ 5ರಂದು ಅಮೆರಿಕದ ಅರಿಝೋನಾ ರಾಜ್ಯದ ಕಿಂಗ್‌ಮನ್‌ನಲ್ಲಿ ರೈಲಿನ ಪ್ರೊಪೇನ್ ಟ್ಯಾಂಕಿಗೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳದವರು ಬಂದು ಟ್ಯಾಂಕಿಗೆ ನೀರು ಹಾಯಿಸುವ ಸಿದ್ಧತೆಯಲ್ಲಿದ್ದರು. ಬೆಂಕಿ ಹತ್ತಿ ಸುಮಾರು 20 ನಿಮಿಷಕ್ಕೆ ಟ್ಯಾಂಕ್ ಸಿಡಿದು 11 ಮಂದಿ ಅಗ್ನಿಶಾಮಕರು ಸತ್ತರು. ಹತ್ತಿರದ ಹೆದ್ದಾರಿಯಲ್ಲಿ ನೋಡಲು ನಿಂತಿದ್ದ ಎಷ್ಟೋ ಜನರಿಗೆ ಸುಟ್ಟ ಗಾಯಗಳಾದವು.

ಜ್ವಾಲೆಯ ಬದಲು ಟ್ಯಾಂಕಿನ ಮೈಗೆ ನೀರು ಹಾಯಿಸುವುದೇಕೆ ಎಂದು ಈಗ ಅರ್ಥವಾಗಿರಬಹುದು. ಉಕ್ಕು ಕಾಯದಂತೆ, ಅದರಲ್ಲೂ ಮೇಲಿನ ಆವಿಯ ಭಾಗ ಕಾಯದಂತೆ ನೋಡಿಕೊಳ್ಳುವುದು ಅವರ ಗುರಿ. ಸೋರುವ ಬಾಯಿಗೆ ಮತ್ತು ಸುರಕ್ಷಾ ವಾಲ್ವ್‌ಗೆ ಮಾತ್ರ ನೇರವಾಗಿ ನೀರು ಹಾಯಿಸುವುದಿಲ್ಲ, ಏಕೆಂದರೆ ಅಲ್ಲಿ ಮಂಜುಗಡ್ಡೆ ಕಟ್ಟಿ ವಾಲ್ವ್ ಸಿಕ್ಕಿಕೊಳ್ಳಬಹುದು. ಟ್ಯಾಂಕಿನಿಂದ ಬರುವ ಶಬ್ದ ಜೋರಾಗುತ್ತ ಹೋದರೆ ಅಥವಾ ಲೋಹದ ಬಣ್ಣ ಬದಲಾದರೆ ಅನುಭವಿ ಸಿಬ್ಬಂದಿಯೂ ಕೂಡಲೇ ಹಿಂದೆ ಸರಿಯುತ್ತಾರೆ.

ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದಾಗ

ಹಡಗಿನಲ್ಲಿ ಎಲ್‌ಪಿಜಿ ಬಂದಿಳಿಯುವ ಬಂದರುಗಳಲ್ಲಿ ಮಂಗಳೂರು ಒಂದು. ಅಲ್ಲಿಂದ ಟ್ಯಾಂಕರ್‌ಗಳು ಘಟ್ಟ ಹತ್ತಿ ಒಳನಾಡಿಗೆ ಸಾಗುತ್ತವೆ. ಒಂದು ದೊಡ್ಡ ಟ್ಯಾಂಕರ್‌ನಲ್ಲಿ ಸುಮಾರು 18 ಟನ್ ಗ್ಯಾಸ್ ಇರುತ್ತದೆ, ಅಂದರೆ ನಮ್ಮ ಮನೆಯ ಸಿಲಿಂಡರ್‌ಗಳ ಲೆಕ್ಕದಲ್ಲಿ 1,200ಕ್ಕೂ ಹೆಚ್ಚು. ಇಷ್ಟು ಗ್ಯಾಸ್ ಒಮ್ಮೆಗೇ ಹೊತ್ತಿಕೊಂಡರೆ ಬೆಂಕಿಯ ಚೆಂಡಿನ ಅಗಲ ಸುಮಾರು 150 ಮೀಟರ್ ಎಂದು ಎಂಜಿನಿಯರಿಂಗ್ ಸೂತ್ರಗಳು ಹೇಳುತ್ತವೆ. ಅದರ ಶಾಖ ಚರ್ಮ ಸುಡುವುದು ಇನ್ನೂ ಬಹು ದೂರದವರೆಗೆ.

2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರು ಬಳಿಯ ಚಾಲ ಎಂಬಲ್ಲಿ ಟ್ಯಾಂಕರ್ ಮಗುಚಿ, ಸೋರಿದ ಗ್ಯಾಸ್ ಹೊತ್ತಿಕೊಂಡು 20 ಜನ ಸತ್ತರು. ಮರುವರ್ಷ, 2013ರ ಏಪ್ರಿಲ್ 9ರಂದು, ದಕ್ಷಿಣ ಕನ್ನಡದ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅದೇ ಬಗೆಯ ದುರಂತ ನಡೆಯಿತು. ರಸ್ತೆ ಬದಿಯ ಮನೆಗಳು ಸುಟ್ಟುಹೋದವು, ತಮ್ಮ ಪಾಡಿಗೆ ತಾವಿದ್ದ ಜನ ಬಲಿಯಾದರು. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಅಜ್ಮೇರ್ ರಸ್ತೆಯಲ್ಲಿ ಲಾರಿ ಡಿಕ್ಕಿ ಹೊಡೆದ ಟ್ಯಾಂಕರ್‌ನಿಂದ ಗ್ಯಾಸ್ ಚಿಮ್ಮಿ, ಸುತ್ತಲಿದ್ದ ಹತ್ತಾರು ವಾಹನಗಳು ಬೆಂಕಿಗೆ ಆಹುತಿಯಾದವು.

ಇಂಥ ಕಡೆ ನೆಲದ ಮೇಲೆ ಬಿಳಿ ಮಂಜಿನಂಥದ್ದು ಹರಿಯುವುದು ಕಾಣುತ್ತದೆ. ಅದೇ ಗ್ಯಾಸ್, ಅದರ ಅಂಚಿನಿಂದ ಆಚೆ ನಿಂತರೆ ಸಾಕು ಎಂದು ತಿಳಿಯಬಾರದು. ಎಲ್‌ಪಿಜಿಗೆ ಬಣ್ಣವಿಲ್ಲ. ದ್ರವ ಆವಿಯಾಗುವಾಗ ಸುತ್ತಲ ಗಾಳಿ ತಣ್ಣಗಾಗಿ, ಅದರಲ್ಲಿನ ನೀರಿನಂಶ ಮಂಜಾಗಿ ಕಾಣುತ್ತದೆ, ಅಷ್ಟೇ. ಉರಿಯಬಲ್ಲ ಗ್ಯಾಸ್ ಆ ಮಂಜಿನ ಅಂಚನ್ನು ದಾಟಿ ಮುಂದೆ ಹೋಗಿರಬಹುದು.

ಹಾಗಾದರೆ ಎಷ್ಟು ದೂರ ಹೋಗಬೇಕು? ಅಮೆರಿಕ, ಕೆನಡಾಗಳಲ್ಲಿ ಸಿಬ್ಬಂದಿ ಬಳಸುವ ತುರ್ತು ಕೈಪಿಡಿಯ ಪ್ರಕಾರ, ಬೆಂಕಿಯಿಲ್ಲದ ಸೋರಿಕೆಯಾದರೂ ಎಲ್ಲ ದಿಕ್ಕಿನಲ್ಲೂ ಕನಿಷ್ಠ 100 ಮೀಟರ್ ಖಾಲಿ ಮಾಡಿಸಬೇಕು. ಸೋರಿಕೆ ದೊಡ್ಡದಿದ್ದರೆ ಗಾಳಿ ಬೀಸುವ ಕಡೆಗೆ 800 ಮೀಟರ್ ತನಕ ಜನರನ್ನು ತೆರವು ಮಾಡಬೇಕು. ಟ್ಯಾಂಕರ್ ಬೆಂಕಿಯಲ್ಲಿ ಸಿಕ್ಕಿದ್ದರೆ ಎಲ್ಲ ದಿಕ್ಕಿನಲ್ಲೂ 1,600 ಮೀಟರ್. ಸಿಡಿದ ಟ್ಯಾಂಕಿನ ತುಂಡುಗಳು ಯಾವ ದಿಕ್ಕಿಗಾದರೂ ಹಾರಬಹುದು, ಹಾಗಾಗಿ ಪಕ್ಕಕ್ಕೆ ನಿಂತರೆ ಕ್ಷೇಮ ಎನ್ನುವುದೂ ಸರಿಯಲ್ಲ.

ನೀವು ಆ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದರೆ ಹೀಗೆ ಮಾಡಿ. ಮಂಜು ಅಥವಾ ವಾಸನೆ ನಿಮ್ಮನ್ನು ತಲುಪಿದ್ದರೆ ಎಂಜಿನ್ ಚಾಲೂ ಮಾಡಲು ಹೋಗಬೇಡಿ, ವಾಹನವನ್ನು ಅಲ್ಲೇ ಬಿಟ್ಟು ನಡೆಯಿರಿ. ಗಾಳಿ ಎಲ್ಲಿಂದ ಬೀಸುತ್ತಿದೆಯೋ ಆ ಕಡೆಗೆ, ಆದರೆ ಟ್ಯಾಂಕರ್ ಹತ್ತಿರ ಹಾಯದೆ, ಬಳಸಿಕೊಂಡು ಹೋಗಿ. ತಗ್ಗು, ಚರಂಡಿ, ತೋಡುಗಳನ್ನು ಬಿಟ್ಟು ಎತ್ತರದ ಜಾಗ ಹಿಡಿಯಿರಿ. ಹೋಗುತ್ತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ. ದೂರ ಸೇರಿದ ಮೇಲೆ 112ಕ್ಕೆ ಕರೆ ಮಾಡಿ, ಜಾಗದ ಗುರುತು, ಸೋರಿಕೆಯೋ ಬೆಂಕಿಯೋ, ಗಾಳಿ ಯಾವ ಕಡೆಗೆ ಎಂಬುದನ್ನು ತಿಳಿಸಿ. ಟ್ಯಾಂಕರ್ ಮೇಲಿನ ಫಲಕದಲ್ಲಿ 1075 ಎಂಬ ಸಂಖ್ಯೆ ದೂರದಿಂದಲೇ ಕಂಡಿದ್ದರೆ ಅದನ್ನೂ ಹೇಳಿ. ಒಳಗಿರುವುದು ಎಲ್‌ಪಿಜಿ ಎಂದು ಸೂಚಿಸುವ ಅಂತರರಾಷ್ಟ್ರೀಯ ಸಂಖ್ಯೆ ಅದು. ಅದನ್ನು ಓದಲೆಂದು ಮಾತ್ರ ಹತ್ತಿರ ಹೋಗಬೇಡಿ.

ಮನೆ ಹತ್ತಿರದಲ್ಲೇ ಇದ್ದರೆ ಒಲೆ, ದೀಪ, ಬಚ್ಚಲೊಲೆಯ ಬೆಂಕಿ ಆರಿಸಿ ಹೊರಡಿ. ಗ್ಯಾಸ್ ಆಗಲೇ ಮನೆಯನ್ನು ತಲುಪಿದ್ದರೆ ಯಾವುದಕ್ಕೂ ಕಾಯದೆ ಹೊರಡಿ. ಇಂಥ ಹೊತ್ತಿನಲ್ಲಿ ಅಧಿಕಾರಿಗಳು ಸುತ್ತಲಿನ ಕರೆಂಟ್ ತೆಗೆಸುತ್ತಾರೆ, ಗಂಟೆಗಟ್ಟಲೆ ರಸ್ತೆ ಬಂದ್ ಮಾಡುತ್ತಾರೆ, ಒಲೆ ಹೊತ್ತಿಸಬೇಡಿ ಎಂದು ಸಾರುತ್ತಾರೆ. ಖಾಲಿ ಟ್ಯಾಂಕರ್ ತರಿಸಿ ಗ್ಯಾಸನ್ನು ಅದಕ್ಕೆ ತುಂಬಿಸಿಕೊಳ್ಳುವ ತನಕ ಇದೆಲ್ಲ ನಡೆಯುತ್ತದೆ. “ಏನೂ ಆಗಿಲ್ಲ, ಸುಮ್ಮನೆ ತಡೆದಿದ್ದಾರೆ” ಎಂದು ಗೊಣಗುವವರು ಇದ್ದೇ ಇರುತ್ತಾರೆ. ಏನೂ ಆಗದೆ ಇರುವುದಕ್ಕೆ ಆ ತಡೆಯೇ ಕಾರಣ. ವಿಡಿಯೋ ಮಾಡಲು ಮುಂದೆ ಹೋಗುವವರು ತಮ್ಮ ಜೀವದ ಜೊತೆಗೆ, ಅವರನ್ನು ಹಿಂದಕ್ಕೆ ಕರೆತರಲು ಹೋಗುವ ಪೊಲೀಸರ ಜೀವವನ್ನೂ ಒತ್ತೆ ಇಡುತ್ತಾರೆ.

ಸುಟ್ಟ ಗಾಯಕ್ಕೆ ಮೊದಲ ಆರೈಕೆ

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ಮುಖ ಮುಚ್ಚಿಕೊಂಡು ನೆಲದ ಮೇಲೆ ಉರುಳಬೇಕು. ಬೇರೆಯವರು ದಪ್ಪ ಹತ್ತಿಯ ಕಂಬಳಿ ಹೊದಿಸಬಹುದು. ಇದನ್ನೆಲ್ಲ ಮಾಡಬೇಕಾದದ್ದು ಗ್ಯಾಸ್ ಇರುವ ಜಾಗದಿಂದ ಹೊರಬಂದ ಮೇಲೆ.

ಬೆಂಕಿ ಆರಿದ ನಂತರ ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಬಳೆ, ಉಂಗುರ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಶಾಯಿ, ಕಾಫಿ ಪುಡಿ ಯಾವುದೂ ಬೇಡ. ಅವು ಶಾಖವನ್ನು ಒಳಗೇ ಉಳಿಸುತ್ತವೆ, ಸೋಂಕಿಗೆ ದಾರಿ ಮಾಡುತ್ತವೆ, ಆಸ್ಪತ್ರೆಯಲ್ಲಿ ತೊಳೆದು ತೆಗೆಯುವಾಗ ನೋವು ಇಮ್ಮಡಿಯಾಗುತ್ತದೆ. ಮಂಜುಗಡ್ಡೆಯನ್ನೂ ಇಡಬಾರದು. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ 108ಕ್ಕೆ ಕರೆ ಮಾಡಿ. ಗ್ಯಾಸ್‌ನ ದ್ರವವೇ ಮೈಗೆ ಚಿಮ್ಮಿದರೆ ಅತಿಯಾದ ತಂಪಿನಿಂದ ಚರ್ಮ ಸುಟ್ಟಂತೆ ಆಗುತ್ತದೆ. ಅದನ್ನು ಉಜ್ಜಬೇಡಿ, ಉಗುರುಬೆಚ್ಚಗಿನ ನೀರು ಹಾಕಿ ವೈದ್ಯರಿಗೆ ತೋರಿಸಿ.

ಇಂದೇ ನೋಡಿಕೊಳ್ಳಬಹುದಾದ ಐದು ಸಂಗತಿಗಳು

ಸಿಲಿಂಡರ್ ಪಡೆಯುವಾಗ ಮುಚ್ಚಳ ತೆಗೆದು ವಾಲ್ವ್ ಒಳಗಿನ ರಬ್ಬರ್ ಬಳೆ ಸರಿಯಿದೆಯೇ, ಸೋರುತ್ತಿದೆಯೇ ಎಂದು ತಂದವರಿಂದಲೇ ಪರೀಕ್ಷೆ ಮಾಡಿಸಿ. ಸಿಲಿಂಡರ್‌ನ ಮೇಲ್ಭಾಗದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರವೊಂದೂ ವರ್ಷದ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅದು ಮುಂದಿನ ಪರೀಕ್ಷೆಯ ಗಡುವು. ಗಡುವು ದಾಟಿದ್ದರೆ ಬೇರೆ ಸಿಲಿಂಡರ್ ಕೇಳಿ. ಪೈಪಿನ ಮೇಲೆ ಮುದ್ರಿಸಿರುವ ಅವಧಿ ಮುಗಿದಿದ್ದರೆ ಹೊಸದು ಹಾಕಿಸಿ. ಸಿಲಿಂಡರ್ ಇಡುವ ಕಪಾಟಿನ ಬುಡದಲ್ಲಿ ಗಾಳಿಯಾಡಲು ಕಿಂಡಿ ಇರಲಿ. ರಾತ್ರಿ ಮಲಗುವ ಮುನ್ನ ಒಲೆಯ ಗುಂಡಿಯ ಜೊತೆಗೆ ರೆಗ್ಯುಲೇಟರನ್ನೂ ಬಂದ್ ಮಾಡಿ. ಬೆಳಿಗ್ಗೆ ಎದ್ದು ವಾಸನೆ ನೋಡಿದ ಮೇಲೆಯೇ ಲೈಟ್ ಹಾಕಿ.

ಮನೆಯಲ್ಲಿ ಅಡುಗೆ ಮಾಡುವವರಿಗೆ ಮಾತ್ರ ರೆಗ್ಯುಲೇಟರ್ ಬಂದ್ ಮಾಡಲು ಬಂದರೆ ಸಾಲದು. ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ, ಒಲೆಯ ಬಳಿಗೇ ಹೋಗದ ಗಂಡಸರಿಗೆ ಒಮ್ಮೆ ಕೈಯಲ್ಲಿ ಮಾಡಿಸಿ ಕಲಿಸಿ. ಗ್ಯಾಸ್ ಸೋರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಮೊದಲೇ ಹೇಳಲಾಗುವುದಿಲ್ಲ. ಯಾರಿದ್ದರೂ ಅವರಿಗೆ ಇಷ್ಟು ನೆನಪಿದ್ದರೆ ಸಾಕು: ಗ್ಯಾಸ್ ನಿಲ್ಲಿಸಬೇಕು, ನಿಲ್ಲಿಸಲಾಗದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಬೇಕು, ಬೆಂಕಿಯ ಚಿಂತೆ ಆಮೇಲೆ.